ನಾನು ಛಲೋ ಎಂದ ಕ್ಯಾಸೆಟ್ಟುಗಳು

ಹೊಸ ಹಾಡುಗಳ ವಿಷಯದಲ್ಲಿ ನನ್ನ ಕಿವಿಗೆ ಸರಿಸಾಟಿಯಾದ ಕಿವಿ ಇಡೀ ನಿಲಂಗಾ ತಾಲೂಕಿನಲ್ಲಿ ಇನ್ನೊಂದಿಲ್ಲವೆಂದು ನಾನು ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆಗೆ ಆಧಾರವೂ ಇತ್ತು. ದಸರೆ ಹತ್ತಿರ ಬಂದು ಹೊಸ ಕ್ಯಾಸೆಟ್ಟುಗಳು ಬಿಡುಗಡೆಯಾಗುವ ಸೀಜನ್ ಶುರುವಾದರೆ, ಊರಿನ ಕ್ಯಾಸೆಟ್ ಅಂಗಡಿಯ ಮಾಣಿಕಪ್ಪ ಎಲ್ಲರಿಗಿಂತ ಮೊದಲು ಹುಡುಕಿಕೊಂಡು ಬರುತ್ತಿದ್ದುದು ನನ್ನನ್ನು. ಒಬ್ಬ ವ್ಯಾಪಾರಿ ತನ್ನ ಅಂಗಡಿಯ ಭವಿಷ್ಯವನ್ನೇ ಒಬ್ಬನ ಕಿವಿಗೆ ಒಪ್ಪಿಸುತ್ತಾನೆಂದರೆ ಆ ಕಿವಿ ಸಾಮಾನ್ಯದ್ದಿರಲಾರದು ಎಂದು ಯಾರಿಗಾದರೂ ಅನಿಸುತ್ತದೆ. ನನಗಂತೂ ಅನಿಸಿತ್ತು.

ನಾನು ಆಗ ನಿಲಂಗಾ ಕೋರ್ಟಿನ ಹೊರಗೆ, ಬೇವಿನ ಮರದ ಕೆಳಗೆ ಟೈಪ್ ಮಶೀನು ಇಟ್ಟುಕೊಂಡು ಕೂರುತ್ತಿದ್ದೆ. ಹುಟ್ಟೂರು ಬಸವಕಲ್ಯಾಣದ ಕಡೆಗೆ, ಹೊಟ್ಟೆಪಾಡು ಗಡಿಯ ಈಚೆಗೆ, ಮಹಾರಾಷ್ಟ್ರದಲ್ಲಿ. ಹಗಲೆಲ್ಲ ಅಣ್ಣತಮ್ಮಂದಿರ ಹೊಲದ ಬದುವಿನ ಜಗಳಗಳನ್ನು ಮರಾಠಿಯಲ್ಲಿ ಟೈಪ್ ಮಾಡಿ, ಸಂಜೆ ಮಾಣಿಕಪ್ಪನ ಅಂಗಡಿಯಲ್ಲಿ ಕೂತು ಎರಡು ಹಾಡು ಕೇಳಿದರೆ, ಅವತ್ತಿನ ಜಗಳಗಳೆಲ್ಲ ಕಿವಿಯಿಂದ ತೊಳೆದುಹೋಗುತ್ತಿದ್ದವು.

ಆ ಅಂಗಡಿ ಎಂದರೆ ಒಂದು ತಗಡಿನ ಶೆಡ್. ತೊಂಬತ್ತಮೂರರ ಭೂಕಂಪದಲ್ಲಿ ಮಾಣಿಕಪ್ಪನ ಹಳೆಯ ಕಲ್ಲುಗೋಡೆಯ ಅಂಗಡಿ ಬಿರುಕು ಬಿಟ್ಟು ಕುಸಿದಿತ್ತು. ಅದಾದ ಮೇಲೆ ಬಹಳ ದಿನ ನಮ್ಮ ಕಡೆ ಯಾರೂ ಜೋರಾಗಿ ಹಾಡು ಹಚ್ಚುತ್ತಿರಲಿಲ್ಲ. ಮದುವೆಗಳಲ್ಲೂ ಬ್ಯಾಂಡಿನವರು ಕ್ಷಮೆ ಕೇಳುವವರಂತೆ ಮೆಲ್ಲಗೆ ಬಾರಿಸುತ್ತಿದ್ದರು. ವರ್ಷ ಕಳೆದ ಮೇಲೆ ಮಾಣಿಕಪ್ಪ ಈ ಶೆಡ್ ಹಾಕಿ, ಹೆದರುತ್ತಲೇ ಒಂದು ಭಜನೆಯ ಕ್ಯಾಸೆಟ್ ಹಚ್ಚಿದ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಯಾರೂ ಬೈಯಲಿಲ್ಲ. ಒಬ್ಬ ಮುದುಕಿ ಮಾತ್ರ, "ಇನ್ನ ಸ್ವಲ್ಪ ಜೋರ್ ಮಾಡಪಾ, ನನಗ ಸರಿಯಾಗಿ ಕೇಳಸಂಗಿಲ್ಲ" ಎಂದಳು. ಅವತ್ತು ನಮ್ಮ ಊರಿಗೆ ಹಾಡು ತಿರುಗಿ ಬಂತು. ತಬಲಾದ ಕೆಳದನಿ ಬಂದಾಗಲೆಲ್ಲ ಶೆಡ್ಡಿನ ತಗಡು ತಾನೂ ಗುಂಯ್ ಎನ್ನುತ್ತಿತ್ತು. ಈಗಲೂ ಒಳ್ಳೆಯ ತಬಲಾ ಕೇಳಿದರೆ, ಆ ಗುಂಯ್ ಇಲ್ಲವಲ್ಲ ಎಂದು ನನಗೆ ಏನೋ ಕೊರತೆ ಅನಿಸುತ್ತದೆ.

ಹೊಸ ಮಾಲು ಬರುತ್ತಿದ್ದುದು ಉದಗೀರಿನಿಂದ. ಅಲ್ಲಿಯ ಸಗಟು ವ್ಯಾಪಾರಿ ಖಾಜಾಭಾಯಿ, ಸೀಜನ್ನಿನ ಪ್ರತಿಯೊಂದು ಹೊಸ ಕ್ಯಾಸೆಟ್ಟಿನದೂ ಒಂದೊಂದು ಪ್ರತಿಯನ್ನು ಗಂಟು ಕಟ್ಟಿ ಬಸ್ಸಿಗೆ ಹಾಕುತ್ತಿದ್ದ. ಅವನ್ನು ಕೇಳಿ ನೋಡಿ, ಯಾವುದು ಎಷ್ಟು ಬೇಕೆಂದು ಮಾಣಿಕಪ್ಪ ಚೀಟಿ ಕಳಿಸಬೇಕು. ಗಂಟು ಬಂದ ದಿನ ಅವನು ಬೇವಿನ ಮರದ ತನಕ ತಾನೇ ನಡೆದು ಬರುತ್ತಿದ್ದ.

"ಸಾಹೇಬ್ರ, ಮಾಲ್ ಬಂದದ. ಸಂಜಿಕಡಿ ಬಂದು ಸ್ವಲ್ಪ ಕಿವಿ ಕೊಡ್ರಿ."

ನನಗಾಗಿ ಕೈಯಿರುವ ಕುರ್ಚಿ, ಏಲಕ್ಕಿ ಹಾಕಿದ ಚಹಾ, ಒಂದು ತಟ್ಟೆ ಮೆಣಸಿನಕಾಯಿ ಬಜಿ. ಮಾಣಿಕಪ್ಪ ಹೊಸ ಕ್ಯಾಸೆಟ್ಟಿನ ಹೊದಿಕೆಯನ್ನು ಉಗುರಿನಿಂದ ಸೀಳಿದಾಗ ಒಳಗಿನಿಂದ ಒಂದು ವಾಸನೆ ಬರುತ್ತಿತ್ತು. ಹೊಸ ಪುಸ್ತಕದ್ದೂ ಅಲ್ಲ, ಹೊಸ ಚಪ್ಪಲಿಯದೂ ಅಲ್ಲ, ಎರಡರ ನಡುವಿನದು. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಮರುದಿನ ನನ್ನ ಅಭಿಪ್ರಾಯವನ್ನು ಕೋರ್ಟಿನ ಕಾಗದದ ಮೇಲೆ, ಕೋರ್ಟಿನ ಮರಾಠಿಯಲ್ಲಿ ಟೈಪ್ ಮಾಡಿ ಒಪ್ಪಿಸುತ್ತಿದ್ದೆ. ಬೇರೆ ಭಾಷೆ ನನ್ನ ಬೆರಳುಗಳಿಗೆ ಬರುತ್ತಿರಲಿಲ್ಲ.

ಡಿಸ್ಕೋ ತಾಳಕ್ಕೆ ಕೂಡಿಸಿದ ಆರತಿಗಳ ಒಂದು ಕ್ಯಾಸೆಟ್ ಬಂದಿತ್ತು. "ಸದರಿ ಕ್ಯಾಸೆಟ್ಟಿನ ಎರಡೂ ಬಾಜೂಗಳನ್ನು ಕೂಲಂಕಷವಾಗಿ ಕೇಳಲಾಗಿ, ಭಕ್ತರಿರಲಿ, ಸ್ವತಃ ದೇವರೂ ಇದನ್ನು ಸಹಿಸಲಾರನೆಂಬ ತೀರ್ಮಾನಕ್ಕೆ ಬರಲಾಗಿದೆ" ಎಂದು ಬರೆದೆ. ಇನ್ನೊಂದರಲ್ಲಿ ಯಾರೋ ಒಬ್ಬ ಗಂಭೀರ ಗಾಯಕ ಒಂದೊಂದು ಸಾಲನ್ನೂ ಏಳೆಂಟು ಸಲ ತಿರುಗಿಸಿ ವಿರಹದ ಹಾಡು ಹಾಡಿದ್ದ. "ಪ್ರತಿಯೊಂದು ಸಂಸಾರದಲ್ಲಿಯೂ ಇರತಕ್ಕದ್ದು" ಎಂದು ಬರೆದೆ.

ಇಲ್ಲೊಂದು ವಿಚಿತ್ರವನ್ನು ನಾನು ಆಗಲೇ ಗಮನಿಸಬೇಕಾಗಿತ್ತು. ನಾನು ಹೊಗಳಿ ಬರೆದರೆ ಮಾಣಿಕಪ್ಪ ಕಾಗದವನ್ನು ಸುಮ್ಮನೆ ಮಡಚಿ ಫೈಲಿಗೆ ಹಾಕುತ್ತಿದ್ದ. ತೆಗಳಿ ಬರೆದರೆ ಅವನ ಮುಖ ಅರಳುತ್ತಿತ್ತು.

"ಖರೇನೇ ಅಷ್ಟು ಕೆಟ್ಟದ ಏನ್ರಿ? ವಿಚಾರ ಮಾಡಿ ಹೇಳ್ರಿ ಸಾಹೇಬ್ರ."

"ಎಕದಮ್ ಕೆಟ್ಟದ. ಎರಡನೇ ಹಾಡಿಗಿ ನನಗ ತಲಿಶೂಲಿ ಬಂತು."

"ತಲಿಶೂಲಿ ಭೀ ಬಂತಾ?" ಎಂದು ಅವನು ಇನ್ನೊಂದು ಚಹಾಕ್ಕೆ ಹೇಳುತ್ತಿದ್ದ. ನನ್ನ ತಲೆನೋವಿಗಾಗಿ ಎಂದು ನಾನು ತಿಳಿದಿದ್ದೆ.

ಮುಂದೆ ಆ ಡಿಸ್ಕೋ ಆರತಿ ಪ್ರತಿ ಓಣಿಯಲ್ಲೂ ಮೊಳಗಿತು. ವಿರಹದ ಗಾಯಕನ ದನಿ ಎಲ್ಲಿಯೂ ಕೇಳಲಿಲ್ಲ. ಜನರ ಅಭಿರುಚಿ ಹೀಗೆ ಕೆಡುತ್ತಿದೆಯಲ್ಲ ಎಂದು ನಾನು ವ್ಯಥೆಪಟ್ಟೆ. ನನ್ನ ಹೆಂಡತಿ ಮಹಾನಂದಾಳಿಗೆ ಮಾತ್ರ ಮೊದಲಿನಿಂದಲೂ ಸಂಶಯವಿತ್ತು.

"ಬಜಾರದಾಗಿಂದ ನೀವು ಆರಿಸಿ ತಂದ ಬದನಿಕಾಯಿ ಹುಳಾ ಇಲ್ಲದ್ದು ಒಂದು ಭೀ ಇರಂಗಿಲ್ಲ" ಎಂದಳು ಒಂದು ದಿನ. "ಹಾಡು ಹ್ಯಾಂಗ್ ಆರಿಸ್ತೀರಿ?"

"ಬದನಿಕಾಯಿ ಬ್ಯಾರೆ, ಸಂಗೀತ ಬ್ಯಾರೆ."

"ಹೌದು. ಬದನಿಕಾಯಿ ಕೊಯ್ದರ ಹುಳಾ ಕಾಣ್ತದ" ಎಂದು ಅವಳು ಒಳಗೆ ಹೋದಳು.

ಇಂಥ ಒಂದು ಸೀಜನ್ನಿನಲ್ಲಿ ಉದಗೀರಿನ ಗಂಟಿನ ತಳದಲ್ಲಿ ಚಿತ್ರವೇ ಇಲ್ಲದ ಒಂದು ಕ್ಯಾಸೆಟ್ ಬಂತು. ಮೇಲೆ 'ಮಾಳಮ್ಮನ ಹಾಡು' ಎಂದು ಕೈಯಿಂದ ಬರೆದಿತ್ತು. ಖಾಜಾಭಾಯಿ ತನ್ನ ಗೋದಾಮಿನ ಹಿಂದಿನ ಕೋಣೆಯಲ್ಲಿ ತಾನೇ ಧ್ವನಿಮುದ್ರಣ ಮಾಡಿದ ಕನ್ನಡದ ಹಾಡುಗಳು. ಮಾಳಮ್ಮ ನಮ್ಮ ತಾಲೂಕಿನ ಗಡಿಯ ಕಡೆಯವಳು. ಗಂಡ ಅಮೋಗಿಯ ಜೊತೆ ಕುರಿ ಕಾಯುವವಳು, ಬೀರಪ್ಪನ ಭಕ್ತೆ. ಹಿಂದೆ ಡೊಳ್ಳು, ಪಕ್ಕದಲ್ಲಿ ತಾಳ. ಅಷ್ಟೇ.

ಒಂದು ಹಾಡಿನಲ್ಲಿ ಅವಳು ಸಂಜೆ ಹಟ್ಟಿಗೆ ಮರಳುವ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾಳೆ. ಕರಿಮೂಗಿ ಬಂತು, ಕುಂಟಿ ಬಂತು, ಗಂಟೆಯದು ಬಂತು. ಒಂದು ಮಾತ್ರ ಬರುವುದಿಲ್ಲ. ಅದರ ಹೆಸರನ್ನು ಮೂರು ಸಲ ಕರೆಯುತ್ತಾಳೆ. ಮೂರನೆಯ ಸಲ ದನಿ ಎತ್ತುವುದಿಲ್ಲ, ಇಳಿಸುತ್ತಾಳೆ. ಪಕ್ಕದಲ್ಲೇ ಮಲಗಿದವರನ್ನು ಎಬ್ಬಿಸುವ ಹಾಗೆ.

ನಾನು ಕಣ್ಣು ತೆರೆದಾಗ ತಟ್ಟೆಯ ಬಜಿ ತಣ್ಣಗಾಗಿತ್ತು.

"ಆಕೀ ಅವ್ವನ ಹಾಡಂತ್ರಿ" ಎಂದ ಮಾಣಿಕಪ್ಪ. "ಅವ್ವ ಭೂಕಂಪದಾಗ ಹೋಗ್ಯಾಳ. ಈಗ ಈ ಹಾಡು ಬರೋದು ಈಕೀಗೊಬ್ಬಾಕೀಗೇ ಅಂತ."

ಅವತ್ತು ನಾನು ಮರುದಿನದ ತನಕ ಕಾಯಲಿಲ್ಲ. ಬೇವಿನ ಮರಕ್ಕೆ ವಾಪಸು ಹೋಗಿ ಮೂರು ಪುಟ ಟೈಪ್ ಮಾಡಿ ತಂದೆ. "ನಮ್ಮ ಸೀಮೆಯಲ್ಲಿ ಇದುವರೆಗೆ ಬಂದ, ಇನ್ನು ಬರಬಹುದಾದ ಸಮಸ್ತ ಕ್ಯಾಸೆಟ್ಟುಗಳಲ್ಲಿ ಇದು ಶ್ರೇಷ್ಠವೆಂದು ಪ್ರಮಾಣೀಕರಿಸಲಾಗಿದೆ" ಎಂದು ಕೊನೆಗೆ ಸಹಿ ಹಾಕಿದೆ. ಮಾಣಿಕಪ್ಪ ಓದಿದ. ಅವನ ಮುಖ ಸಪ್ಪಗಾಯಿತು.

"ಇಷ್ಟು ಛಲೋ ಅದಾ ಅಂತೀರಿ?"

"ಇದಕಿಂತ ಛಲೋದು ಇಲ್ಲೇ ಇಲ್ಲ."

"ನನಗ ಭೀ ಸ್ವಲ್ಪ ಹಿಡಿಸಿತ್ರೀ," ಎಂದು ಅವನು ನಿಟ್ಟುಸಿರು ಬಿಟ್ಟ. "ಆದ್ರ ಏನ್ ಮಾಡ್ಲಿ."

ಹದಿನೈದು ದಿನ ಕಳೆದರೂ ಮಾಳಮ್ಮನ ಕ್ಯಾಸೆಟ್ ಅಂಗಡಿಗೆ ಬರಲಿಲ್ಲ. ಕೇಳಿದಾಗಲೆಲ್ಲ ಮಾಣಿಕಪ್ಪ, "ಬರ್ತದ್ರಿ, ನೋಡೋಣ್ರಿ" ಎನ್ನುತ್ತಿದ್ದ. ಉದಗೀರಿನವನೇ ಆಲಸಿ ಇರಬೇಕೆಂದು ತೀರ್ಮಾನಿಸಿ ನಾನು ಒಂದು ಶನಿವಾರ ಬಸ್ಸು ಹತ್ತಿದೆ. ಇಂಥ ವಿಷಯದಲ್ಲಿ ನನ್ನಂಥವನ ಒಂದು ಮಾತು ಸಾಕು ಎಂಬ ಭರವಸೆ ನನಗಿತ್ತು.

ಮಾತು ಸಾಕಾಯಿತು. ನಾನು ನಿಲಂಗಾದ ಟೈಪಿಸ್ಟ್ ಎನ್ನುತ್ತಲೇ ಖಾಜಾಭಾಯಿ ಗಾದಿಯಿಂದ ಎದ್ದು ನಿಂತ.

"ಕೋರ್ಟ್‌ದ ಹೊರಗ ಕೂಡ್ತೀರಲ್ಲ, ಆ ಸಾಹೇಬ್ರು ನೀವೇ ಏನ್ರಿ?"

"ನಾನೇ" ಎಂದೆ, ಆದಷ್ಟು ವಿನಯದಿಂದ.

ಅವನು ಎರಡೂ ಕೈ ಜೋಡಿಸಿದ. "ಸಾಹೇಬ್, ನಿಮಗ ಕೈ ಮುಗೀತೀನಿ. ನನ್ನ ಮಾಲಿಗಿ ಛಲೋ ಅನ್ನಬ್ಯಾಡ್ರಿ."

ನನಗೆ ತಿಳಿಯಲಿಲ್ಲ. ಅವನು ಕೂರಿಸಿ, ನೀರು ಕೊಟ್ಟು, ರೋಗಿಗೆ ಡಾಕ್ಟರು ಹೇಳುವ ಹಾಗೆ ನಿಧಾನವಾಗಿ ಹೇಳಿದ. ಮೊದಲ ವರ್ಷ ಮಾಣಿಕಪ್ಪ ನನ್ನ ಮಾತು ನಂಬಿ ಮಾಲು ತರಿಸಿದ್ದನಂತೆ. ನಾನು ಛಲೋ ಎಂದ ಒಂದೂ ಹೋಗಲಿಲ್ಲ. ನಾನು ಬೈದಿದ್ದನ್ನು ಜನ ಕೇಳಿ ಕೇಳಿ ಒಯ್ದರು. ಎರಡನೆಯ ವರ್ಷದಿಂದ ಅವನು ನನ್ನ ಕಾಗದವನ್ನು ಉಲ್ಟಾ ಓದತೊಡಗಿದ. ಅಂಗಡಿ ಏಳಿಗೆಗೆ ಬಂತು.

"ಎಷ್ಟು ವರ್ಷ ಆದ್ರು ನಿಮ್ಮ ಮಾತು ಒಂದು ಸಲ ಭೀ ಖರೇ ಆಗಿಲ್ಲ," ಎಂದ ಖಾಜಾಭಾಯಿ. ಅವನ ದನಿಯಲ್ಲಿ ನಿಜವಾದ ಗೌರವವಿತ್ತು. "ಅಂದಾಜಿನ ಮ್ಯಾಲ ಹೇಳೋರು ಭೀ ಅರ್ಧಾ ತಪ್ಪತಾರ. ನೀವು ಪೂರಾ. ಉಮರಗಾ, ಮುರುಮದ ಅಂಗಡಿಯವ್ರು ಸಹಿತ ನಿಮ್ಮ ಕಾಗದದ ಝೆರಾಕ್ಸ್ ತರಸ್ಕೋತಾರ."

ಮೂರು ಊರುಗಳಲ್ಲಿ ನನ್ನ ಮಾತಿಗೆ ಬೆಲೆಯಿತ್ತು. ನಾನು ಬಯಸಿದ್ದೂ ಅದೇ. ನೀರಿನ ಲೋಟವನ್ನು ಪಕ್ಕಕ್ಕಿಟ್ಟೆ.

"ಮಾಳಮ್ಮನ ಕ್ಯಾಸೆಟ್ ಹ್ಯಾಂಗ್ ಮಾಡ್ತೀರಿ?" ಎಂದು ಕೇಳಿದೆ.

"ನೀವು ಮೂರು ಪುಟ ಹೊಗಳೀರಿ. ಇನ್ನ ಯಾರ್ ತಗೋತಾರ? ದೀಪಾವಳಿ ತನಕ ನೋಡ್ತೀನಿ. ಇಲ್ಲಂದ್ರ ಆ ಟೇಪ್ ಅಳಿಸಿ, ಅದರ ಮ್ಯಾಲ ನಗಿಚಟಾಕಿ ಭರ್ತಿ ಮಾಡ್ತೀನಿ."

ಬಸ್ಸಿನಲ್ಲಿ ಉದಗೀರಿನಿಂದ ನಿಲಂಗಾದ ತನಕ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ, ಏನೂ ಕಾಣಲಿಲ್ಲ. ನನ್ನ ಕಿವಿ ಹೋದರೆ ಹೋಯಿತು. ಒಬ್ಬ ತಾಯಿ ಮಗಳಿಗೆ ಕಲಿಸಿ ಹೋದ ಹಾಡು, ನಾನು ಅದನ್ನು ಮೆಚ್ಚಿದ್ದಕ್ಕಾಗಿ ಅಳಿಸಿಹೋಗುವುದಿತ್ತು.

ಮನೆಗೆ ಬಂದು ಮಹಾನಂದಾಳ ಮುಂದೆ ಎಲ್ಲ ಹೇಳಿದೆ. ನಗುತ್ತಾಳೆಂದು ಕಾದೆ. ಅವಳು ನಗಲಿಲ್ಲ. ಕೇಳಿದ್ದು ಒಂದೇ ಮಾತು:

"ಆ ಹಾಡು ಖರೇನೇ ಛಲೋ ಅದಾ?"

"ಖರೇ."

"ಹಂಗಾದ್ರ ಬೈರಿ."

ಅಷ್ಟೇ. ನಾನು ಯೋಚಿಸಿದೆ, ಬೇರೆ ದಾರಿ ಕಾಣಲಿಲ್ಲ. ಅರ್ಜಿಗಳಲ್ಲಿ ಪರರ ಸುಳ್ಳುಗಳನ್ನು ಇಪ್ಪತ್ತು ವರ್ಷ ಟೈಪ್ ಮಾಡಿದ ಬೆರಳುಗಳು ನನ್ನ ಸ್ವಂತ ಸುಳ್ಳಿಗೆ ಬಂದಾಗ ತಡವರಿಸಿದವು. ನಾಲ್ಕು ಕಾಗದ ಹಾಳಾದವು. ಕೊನೆಗೆ ಐದನೆಯದರ ಮೇಲೆ 'ಪುನರ್ವಿಮರ್ಶೆಯ ಅರ್ಜಿ' ಎಂಬ ತಲೆಬರಹ ಹಾಕಿ, ಮೊದಲ ಸಲ ಕೇಳುವಾಗ ನನಗೆ ಜ್ವರವಿತ್ತೆಂದೂ, ಈಗ ಸ್ವಸ್ಥಚಿತ್ತದಿಂದ ಕೇಳಲಾಗಿ ಅಭಿಪ್ರಾಯ ಬದಲಾಗಿದೆಯೆಂದೂ ಬರೆದೆ.

ಕಾಗದವನ್ನು ಮಾಣಿಕಪ್ಪನ ಕೈಗೆ ಕೊಟ್ಟು ಬಂದಿದ್ದರೆ ಸಾಕಾಗಿತ್ತು. ಆದರೆ ನನಗೆ ಅವನು ನಂಬುತ್ತಾನೋ ಇಲ್ಲವೋ ಎಂಬ ಭಯ. ಅಂಗಡಿಯ ನಡುವೆ ನಿಂತು, ಕೋರ್ಟಿನಲ್ಲಿ ಕಾರಕೂನ ಓದುವ ಹಾಗೆ ಗಟ್ಟಿಯಾಗಿ ಓದತೊಡಗಿದೆ.

"ಸದರಿ ಮಾಳಮ್ಮ ಇವರ ಧ್ವನಿಯು ಎಣ್ಣೆ ಕಾಣದ ಬಾಗಿಲಿನ ಧ್ವನಿಯನ್ನು ಹೋಲುತ್ತಿದ್ದು, ಇದನ್ನು ಹಾಡು ಎನ್ನಲು ಯಾವುದೇ ಪುರಾವೆ ದೊರೆತಿರುವುದಿಲ್ಲ. ಕುರಿಗಳ ಹೆಸರನ್ನು ಕುರಿಗಳ ಹೊರತು ಇನ್ನಾರೂ ಕೇಳಲು ಒಪ್ಪಲಾರರು."

ಮಾಣಿಕಪ್ಪನ ಮುಖ ಅರಳುತ್ತದೆಂದು ನೋಡಿದೆ. ಅರಳಲಿಲ್ಲ. ಅವನು ನನ್ನ ಬೆನ್ನ ಹಿಂದೆ ನೋಡುತ್ತಿದ್ದ.

ತಿರುಗಿದೆ. ಬಾಗಿಲಲ್ಲಿ ರುಮಾಲು ಸುತ್ತಿದ ಒಬ್ಬ ಗಂಡಸು, ಅವನ ಪಕ್ಕದಲ್ಲಿ ಮಡಚಿದ ಕಂಬಳಿಯೊಂದನ್ನು ಎದೆಗೆ ಹಿಡಿದ ಹೆಂಗಸು. ಯಾರೆಂದು ಹೇಳುವ ಅಗತ್ಯ ಬೀಳಲಿಲ್ಲ. ಕೋರ್ಟಿನ ಸಾಹೇಬರೊಬ್ಬರು ಮೂರು ಪುಟ ಹೊಗಳಿದ್ದಾರೆಂದು ಸಂತೆಯಲ್ಲಿ ಯಾರೋ ಹೇಳಿದ್ದರಂತೆ. ನನ್ನನ್ನು ನೋಡಿ ಹೋಗಲು ಬಂದಿದ್ದರು. ನಾನು ಓದಿದ್ದು ಮರಾಠಿಯಲ್ಲಿ. ಗಡಿಯ ಜನಕ್ಕೆ ಮರಾಠಿ ಚೆನ್ನಾಗಿ ತಿಳಿಯುತ್ತದೆ.

ಮಾಳಮ್ಮ ಮುಂದೆ ಬಂದು ಕಂಬಳಿಯನ್ನು ಮೇಜಿನ ಮೇಲೆ ಇಟ್ಟಳು.

"ಇದು ನಿಮಗಂತ ತಂದಿದ್ದೆ ಸಾಹೇಬ್ರ. ಇಟ್ಕೋರಿ. ಹಾಡು ಹಿಡಿಸಲಾರದವ್ರಿಗಿ ಭೀ ಥಂಡಿ ಆಗ್ತದ."

ಇಬ್ಬರೂ ಹೊರಟುಹೋದರು. ಮಾಣಿಕಪ್ಪನ ಮುಂದೆ ನಾನು ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೆ, ಉಲ್ಟಾ ಓದಿನ ಗುಟ್ಟು ನನಗೆ ತಿಳಿದದ್ದು ಹೊರಬಿದ್ದು ಎಲ್ಲ ಕೆಟ್ಟುಹೋಗುತ್ತಿತ್ತು. ಅವನು ಮೆಲ್ಲಗೆ ಕೇಳಿದ, "ಖರೇನೇ ಅಷ್ಟು ಕೆಟ್ಟದ ಏನ್ರಿ?"

"ಅದಕಿಂತ ಕೆಟ್ಟದು ಇಲ್ಲೇ ಇಲ್ಲ" ಎಂದು ಹೇಳಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಬಸ್ ಸ್ಟ್ಯಾಂಡಿಗೆ ಓಡಿದೆ.

ಅವರು ಕಲ್ಲುಬೆಂಚಿನ ಮೇಲೆ ಕೂತಿದ್ದರು. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ: ನನ್ನ ಕಿವಿ, ಉಲ್ಟಾ ಓದು, ಅಳಿಸಿಹೋಗಲಿರುವ ಟೇಪು. ಅಮೋಗಿ ಬೀಡಿ ಆರಿಸಿ ನನ್ನನ್ನೇ ನೋಡುತ್ತಿದ್ದ. ಮಾಳಮ್ಮ ಪೂರ್ತಿ ಕೇಳಿದಳು.

"ಅಂದ್ರ, ನೀವು ಛಲೋ ಅಂದಿದ್ದು ಕೆಟ್ಟದು. ಕೆಟ್ಟದು ಅಂದಿದ್ದು ಛಲೋ."

"ಹೌದ್ರಿ ಅಕ್ಕಾ."

"ಈಗ ನನ್ನ ಹಾಡು ಛಲೋ ಅದಾ ಅಂತ ಹೇಳ್ಲತೀರಿ."

"ಹೌದ್ರಿ."

"ಇದಕ ಏನಂತ ತಿಳೀಬೇಕು?"

ಇಪ್ಪತ್ತು ವರ್ಷ ವಕೀಲರ ನಡುವೆ ಕೂತ ನಾನು ಮತ್ತೆ ಮೊದಲಿನಿಂದ ಹೇಳತೊಡಗಿದೆ. ಅಷ್ಟರಲ್ಲಿ ಅವರ ಬಸ್ಸು ಬಂತು.

ಆ ದೀಪಾವಳಿಗೆ ಮಾಣಿಕಪ್ಪ ಮಾಳಮ್ಮನ ಕ್ಯಾಸೆಟ್ಟುಗಳಿಂದ ಒಂದು ಗೋಡೆಯನ್ನೇ ತುಂಬಿಸಿದ. ಝೆರಾಕ್ಸ್ ಓದಿದ ಉಮರಗಾ, ಮುರುಮದವರೂ ತರಿಸಿದರು. ಕಬ್ಬಿನ ಹಂಗಾಮು ಶುರುವಾಗಿ ಟ್ರ್ಯಾಕ್ಟರುಗಳು ಸಾಲಾಗಿ ಕಾರ್ಖಾನೆಯ ಕಡೆ ಹೊರಟಾಗ, ಒಂದರ ಟೇಪಿನಲ್ಲಿ ಕರಿಮೂಗಿ ಬರುತ್ತಿತ್ತು, ಅದರ ಹಿಂದಿನದರಲ್ಲಿ ಕುಂಟಿ. ಭೂಕಂಪದ ಬಳಿಕ ಕಟ್ಟಿದ ಹೊಸ ಊರುಗಳಲ್ಲಿ, ಎಲ್ಲ ಒಂದೇ ತರಹದ ಮನೆಗಳ ನಡುವೆ, ಹೆಂಗಸರು ಕೆಲಸ ನಿಲ್ಲಿಸಿ ಆ ಮೂರನೆಯ ಕರೆಗಾಗಿ ಕಾಯುತ್ತಿದ್ದರೆಂದು ಕೇಳಿದ್ದೇನೆ. ಕನ್ನಡ ತಿಳಿಯದವರೂ ಅಲ್ಲಿ ಸುಮ್ಮನಾಗುತ್ತಿದ್ದರಂತೆ.

ನಾನು ಮಾತ್ರ ಊರಿನ ನಗೆಪಾಟಲಾದೆ. ಮಾಳಮ್ಮನಿಗೆ ಹಾಡಲು ಬರುವುದಿಲ್ಲ ಎಂದು ಲಿಖಿತವಾಗಿ ಹೇಳಿದ ಏಕೈಕ ವ್ಯಕ್ತಿ ನಾನು. ಚಹಾದ ಹೋಟೆಲಿಗೆ ಕಾಲಿಟ್ಟರೆ ಮಾಲೀಕ, "ಸಾಹೇಬ್ರು ಬಂದಾರ, ಕುರಿ ಹಾಡು ಬಂದ್ ಮಾಡ್ರಿ, ತಲಿಶೂಲಿ ಬರ್ತದ" ಎನ್ನುತ್ತಿದ್ದ. ಕಕ್ಷಿದಾರರು ಅರ್ಜಿ ಬರೆಸಿ, ಸರಿಯಾಗಿ ಬರೆದಿದ್ದೇನೆಯೇ ಎಂದು ಇನ್ನೊಬ್ಬ ಟೈಪಿಸ್ಟನಿಗೆ ತೋರಿಸತೊಡಗಿದರು. ಮಹಾನಂದಾ ಒಂದು ಪ್ರತಿ ತಂದು ದಿನಾ ಬೆಳಿಗ್ಗೆ ಹಚ್ಚುತ್ತಿದ್ದಳು. ನಾನು ಕಂಬಳಿ ಹೊದ್ದು ಕೇಳುತ್ತಿದ್ದೆ. ನೆರೆಯವರು ಬಂದರೆ ಮುಖ ಸಿಂಡರಿಸುತ್ತಿದ್ದೆ.

ಮರುವರ್ಷದ ಸೀಜನ್ನಿಗೆ ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಯಾರೋ ನಿಂತ ಹಾಗಾಯಿತು. ತಲೆ ಎತ್ತಿದರೆ ಮಾಳಮ್ಮ. ಸೆರಗಿನೊಳಗಿಂದ ಒಂದು ಹೊಸ ಕ್ಯಾಸೆಟ್ ತೆಗೆದು ನನ್ನ ಮಶೀನಿನ ಮೇಲೆ ಇಟ್ಟಳು. ಈ ಸಲ ಮೇಲೆ ಅವಳ ಚಿತ್ರವಿತ್ತು.

"ಇದಕ ಭೀ ಸ್ವಲ್ಪ ಬೈದು ಕೊಡ್ರಿ ಸಾಹೇಬ್ರ" ಎಂದಳು.

ನಾನು ಕೇಳಿದೆ, "ನಾ ಹೇಳಿದ್ದು ಖರೇ ಅಂತ ನಿಮಗ ಯಾವಾಗ ತಿಳೀತು?"

"ಬಸ್ಸಿನ್ಯಾಗ ಕುಂತ ಮ್ಯಾಲ. ಸುಳ್ಳು ಹೇಳಾಕ ಯಾರ್ ಬರಿಗಾಲ್ಲೆ ಓಡಿ ಬರ್ತಾರ್ರಿ?"

ಸಂಜೆ ಮಾಣಿಕಪ್ಪನ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೂತೆ, ಸುಳ್ಳು ಬೈಗುಳಗಳನ್ನು ಮೊದಲೇ ಸಿದ್ಧ ಮಾಡಿಕೊಂಡು. ಅವುಗಳ ಅಗತ್ಯ ಬೀಳಲಿಲ್ಲ. ಮೊದಲ ಕ್ಯಾಸೆಟ್ಟಿನ ಯಶಸ್ಸಿನಿಂದ ಹುರುಪುಗೊಂಡ ಖಾಜಾಭಾಯಿ ಡೊಳ್ಳನ್ನು ತೆಗೆದುಹಾಕಿ, ಎಲ್ಲಿಂದಲೋ ಒಬ್ಬ ಕೀಬೋರ್ಡಿನವನನ್ನು ತಂದು ಕೂರಿಸಿದ್ದ. ಮಾಳಮ್ಮ ಒಂದು ಸಾಲು ಹಾಡಿದರೆ ಅವನು ಮೂರು ಸಾಲು ಬಾರಿಸುತ್ತಿದ್ದ. ಕುರಿ ಕೂಗುವ ಜಾಗದಲ್ಲಿ ಪೋಲೀಸ್ ಜೀಪಿನ ಸೈರನ್ನಿನಂಥದು ಬರುತ್ತಿತ್ತು. ಹಾಡು ನಿಜಕ್ಕೂ ಕೆಟ್ಟಿತ್ತು.

ನಾನು ಬೈದು ಬರೆದೆ. ಒಂದು ಶಬ್ದವೂ ಸುಳ್ಳಿರಲಿಲ್ಲ. ಮಾಣಿಕಪ್ಪ ಸಂತೋಷದಿಂದ ಹೋದ ವರ್ಷದ ಎರಡರಷ್ಟು ತರಿಸಿದ. ಉಮರಗಾದವರು, ಮುರುಮದವರು ಅವನಿಗಿಂತ ಹೆಚ್ಚು ತರಿಸಿದರು.

ಒಂದೂ ಹೋಗಲಿಲ್ಲ.

ಮಾಳಮ್ಮ ಇದಕ್ಕೆ ಅಂಥ ದುಃಖಪಡಲಿಲ್ಲ. ಸಂತೆಯಲ್ಲಿ ಸಿಕ್ಕಾಗ, "ಈ ಸಲ ನೀವು ಖರೇ ಬೈದಿದ್ರಿ, ಹೌದಿಲ್ಲೊ?" ಎಂದು ನೇರವಾಗಿ ಕೇಳಿದಳು. ಹೌದೆಂದೆ. "ನನಗ ಭೀ ಅಲ್ಲಿ ಹಾಡೋವಾಗೇ ಹಂಗ ಅನಿಸಿತ್ತು. ನನ್ನ ದನಿ ನನಗೇ ಕೇಳಸಲಿಲ್ಲ" ಎಂದು ನಕ್ಕು, ಅಮೋಗಿಯ ಹಿಂದೆ ಕುರಿ ಅಟ್ಟಿಕೊಂಡು ಹೋದಳು. ಮುಂದೆ ಅವಳು ಡೊಳ್ಳಿನ ಜೊತೆಗೇ ಇನ್ನೆರಡು ಕ್ಯಾಸೆಟ್ ಮಾಡಿದಳು, ಯಾರ ಅಭಿಪ್ರಾಯವನ್ನೂ ಕೇಳದೆ. ಅವು ಚೆನ್ನಾಗಿ ಹೋದವು.

ಆದರೆ ಮಾಣಿಕಪ್ಪ ಬಹಳ ನೊಂದಿದ್ದ. ಒಂದು ಸಂಜೆ ನನ್ನ ಅಷ್ಟೂ ವರ್ಷಗಳ ಕಾಗದಗಳಿದ್ದ ಫೈಲನ್ನು ದಾರ ಕಟ್ಟಿ ನನ್ನ ಕೈಗೆ ಕೊಟ್ಟ.

"ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಕಿವಿ ಈಗ ಸುಧಾರಿಸ್ಯಾದ. ಇನ್ನ ನಮಗ ಉಪಯೋಗಿಲ್ಲ."

ನನ್ನ ಬದಲಿಗೆ ಅವನು ನಮ್ಮ ಓಣಿಯ, ಹಿಂದೆ ಊರಿನ ಜಮೀನಿನ ಲೆಕ್ಕ ಬರೆಯುತ್ತಿದ್ದ ಒಬ್ಬ ನಿವೃತ್ತ ತಲಾಠಿಯನ್ನು ಕೂರಿಸಿದ. ತಮ್ಮ ಮದುವೆಯ ಬಾಜಾ ಬಜಂತ್ರಿಯ ನಂತರ ತಾವು ಯಾವ ಹಾಡನ್ನೂ ಕೇಳಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರು. ಕ್ಯಾಸೆಟ್ಟುಗಳ ಕಾಲ ಮುಗಿದು ಶೆಡ್ಡಿಗೆ ಬೀಗ ಬೀಳುವವರೆಗೂ ಅವರು ಒಂದೇ ಒಂದು ಸಲವೂ ಸರಿ ಹೇಳಲಿಲ್ಲವಂತೆ. ನನಗೆ ಅಷ್ಟು ಶಿಸ್ತು ಇರಲಿಲ್ಲ.